ಟಾಪ್‌ಸ್ಲಿಪ್‌ಗೆ ಹೋದರೆ ಹ್ಯೂಗೋ ವುಡ್ ಸಮಾಧಿ ಕೇಳಿ ನೋಡಿ

ತಮಿಳುನಾಡಿನ ಪೊಳ್ಳಾಚಿಯಲ್ಲಿ ಬಾಡಿಗೆ ಕಾರು ಹಿಡಿಯುವಾಗ ನಾನು ಕೇಳಿದ್ದು ಒಂದೇ ಒಂದು. ಆನೆಮಲೈ ಬೆಟ್ಟದ ಟಾಪ್‌ಸ್ಲಿಪ್ ಕಾಡಲ್ಲಿರುವ, ಬ್ರಿಟಿಷರ ಕಾಲದ ಅರಣ್ಯಾಧಿಕಾರಿ ಹ್ಯೂಗೋ ವುಡ್ ಸಮಾಧಿ ತೋರಿಸಬೇಕು, ಮಿಕ್ಕಿದ್ದು ಬಿಟ್ಟರೂ ಪರವಾಗಿಲ್ಲ. ಡ್ರೈವರ್ ‘ಗೊತ್ತು ಸಾರ್, ಎಷ್ಟೋ ಸಲ ಹೋಗಿದ್ದೀನಿ’ ಅಂದ. 3,800 ರೂಪಾಯಿಗೆ ಮಾತಾಯಿತು. ಮಧ್ಯಾಹ್ನ ಎರಡು ಗಂಟೆಗೆ ನಮ್ಮನ್ನು ವಾಪಸ್ ಲಾಡ್ಜ್ ಬಾಗಿಲಲ್ಲಿ ಇಳಿಸಿದಾಗ, ಸಿನಿಮಾ ಶೂಟಿಂಗ್ ಆದ ತೆಂಗಿನ ತೋಟ ನೋಡಿದ್ದೆವು, ಒಂದು ಕಾಲುವೆ ನೋಡಿದ್ದೆವು, ಟಾಪ್‌ಸ್ಲಿಪ್‌ನ ಹುಲ್ಲುಗಾವಲಲ್ಲಿ ಜಿಂಕೆ ನೋಡಿದ್ದೆವು. ಸಮಾಧಿ ಮಾತ್ರ ನೋಡಿರಲಿಲ್ಲ. ‘ದಾರಿ ಬಂದ್ ಆಗಿದೆ, ಅಲ್ಲೇನೂ ಉಳಿದಿಲ್ಲ’ ಅಂತ ಕಾರಿನಿಂದ ಇಳಿಯದೇ ಹೇಳಿದ್ದ.

ಮಾರನೇ ದಿನ ಬಸ್ಸಲ್ಲಿ ಹೋದೆವು. ದಾರಿ ಬಂದ್ ಆಗಿರಲಿಲ್ಲ. ಸಮಾಧಿ ಇತ್ತು. ಅಪ್ಪ, ನಾನು ಇಬ್ಬರಿಗೂ ಸೇರಿ ಬಸ್ಸಿಗೆ ಆದ ಖರ್ಚು ಆ ಕಾರಿನ ಒಂದು ಗಂಟೆಯ ಬಾಡಿಗೆಗೂ ಸಾಟಿಯಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು 2023ರ ಡಿಸೆಂಬರ್ ಮೊದಲ ವಾರದ ಪ್ರವಾಸ. ದರಗಳು ಆಗಿನವು, ಈಗ ಸ್ವಲ್ಪ ಜಾಸ್ತಿ ಹಿಡಿದುಕೊಳ್ಳಿ.

ಮೊದಲು ಯಾಕೆ ಹೋದೆವು ಅಂತ ಹೇಳಬೇಕು. ನಾವು ತಮಿಳುನಾಡಿನ ಗಡಿಯ ತಾಳವಾಡಿಯವರು. ಹೋದಾಗ ಅಪ್ಪನಿಗೆ 71. ಚಿಕ್ಕ ವಯಸ್ಸಲ್ಲಿ ತಲಮಲೈ ಕಡೆ ಬಿದಿರು ಕೂಪಿಗೆ, ಅಂದರೆ ಕಾಡಲ್ಲಿ ಬಿದಿರು ಕಡಿಯುವ ಜಾಗಕ್ಕೆ, ಕೂಲಿಗೆ ಹೋಗುತ್ತಿದ್ದರು. ಆಗ ನಮ್ಮೂರು ಇನ್ನೂ ಕೊಯಮತ್ತೂರು ಜಿಲ್ಲೆ. ಈರೋಡು ಜಿಲ್ಲೆ ಅಂತ ಬೇರೆಯಾದದ್ದು 1979ರಲ್ಲಿ. ಕೂಪಿನಲ್ಲಿ ಆನೆಮಲೈ ಕಡೆಯಿಂದ ಬಂದ ಹಳೇ ಕೆಲಸಗಾರರು ರಾತ್ರಿ ಬೆಂಕಿ ಮುಂದೆ ಕೂತು ಒಬ್ಬ ದೊರೆಯ ಕಥೆ ಹೇಳುತ್ತಿದ್ದರಂತೆ. ಆ ದೊರೆ ಜೇಬಿನ ತುಂಬ ತೇಗದ ಬೀಜ ತುಂಬಿಕೊಂಡು, ಬೆಳ್ಳಿ ತುದಿಯ ಕೋಲು ಹಿಡಿದು ಕಾಡಲ್ಲಿ ನಡೆಯುತ್ತಿದ್ದ. ಕೋಲಿನಿಂದ ನೆಲಕ್ಕೆ ಚುಚ್ಚುತ್ತಿದ್ದ, ಬೀಜ ಹಾಕುತ್ತಿದ್ದ, ಮುಂದೆ ಹೋಗುತ್ತಿದ್ದ. ಅಪ್ಪ ಇದನ್ನು ನನಗೆ ಚಿಕ್ಕಂದಿನಲ್ಲಿ ಹತ್ತಾರು ಸಲ ಹೇಳಿದ್ದಾರೆ. ಹೆಸರು ಅವರಿಗೆ ಗೊತ್ತಿರಲಿಲ್ಲ. ಕಥೆಯೇ ಇರಬೇಕು ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಹುಡುಕಿದಾಗ ಅದು ನಿಜವಾದ ಮನುಷ್ಯ, ಹೆಸರು ಹ್ಯೂಗೋ ವುಡ್, ಸಮಾಧಿ ಟಾಪ್‌ಸ್ಲಿಪ್ ಹತ್ತಿರ ಇದೆ ಅಂತ ಗೊತ್ತಾಯಿತು. ಅವತ್ತೇ ಅಪ್ಪ ‘ಕಾಲು ಗಟ್ಟಿ ಇರೋವಾಗಲೇ ಒಂದು ಸಲ ಕರ್ಕೊಂಡು ಹೋಗು’ ಅಂದರು.

ತಾಳವಾಡಿಯಿಂದ ಹೊರಡುವವರಿಗೆ ಒಂದು ಮಾತು. ದಿಂಬಂ ಘಾಟಿಯ 27 ತಿರುವು ನಮಗೆ ಹೊಸದಲ್ಲ. ಆದರೆ ಗುಂಡ್ಲುಪೇಟೆ, ಮೈಸೂರು ಕಡೆಯಿಂದ ಕಾರಲ್ಲಿ ಬರುವವರು ರಾತ್ರಿ ಲೆಕ್ಕ ಹಾಕಿಕೊಂಡು ಬಂದು ಚೆಕ್‌ಪೋಸ್ಟಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಅಲ್ಲಿ ರಾತ್ರಿ ಸಂಚಾರಕ್ಕೆ ತಡೆ ಇದೆ. ಸರಕು ಗಾಡಿಗಳಿಗೆ ಸಂಜೆ 6ರಿಂದ, ಕಾರುಗಳಿಗೆ ರಾತ್ರಿ 9ರಿಂದ, ಬೆಳಿಗ್ಗೆ 6ರವರೆಗೆ. ಬೈಯಬೇಡಿ. ಆ ರಸ್ತೆಯಲ್ಲಿ ಎಷ್ಟು ಪ್ರಾಣಿ ಸತ್ತಿವೆ ಅಂತ ನಾವು ಕಣ್ಣಾರೆ ಕಂಡಿದ್ದೇವೆ. ನಾವು ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸನೂರು, ದಿಂಬಂ ದಾಟಿ, ಬಣ್ಣಾರಿಯಲ್ಲಿ ಮಾರಿಯಮ್ಮನಿಗೆ ಬಸ್ಸಿನಿಂದಲೇ ಕೈಮುಗಿದು ಸತ್ಯಮಂಗಲ ಸೇರಿದೆವು. ಅಲ್ಲಿಂದ ಕೊಯಮತ್ತೂರಿನ ಗಾಂಧಿಪುರಂ. ಪೊಳ್ಳಾಚಿ ಬಸ್ಸು ಅಲ್ಲಿ ಹುಡುಕಬೇಡಿ, ಅದು ಉಕ್ಕಡಂನಿಂದ ಹೊರಡುತ್ತೆ. ಟೌನ್ ಬಸ್ಸಲ್ಲಿ ಉಕ್ಕಡಂಗೆ ಹೋಗಿ. ಆಟೋದವರು ವಯಸ್ಸಾದವರನ್ನು ಕಂಡರೆ ಇನ್ನೂರು ಕೇಳುತ್ತಾರೆ. ಉಕ್ಕಡಂನಿಂದ ಪೊಳ್ಳಾಚಿ 40 ಕಿಲೋಮೀಟರ್, ಬಸ್ಸಿಗೆ ಕಾಯೋದೇ ಇಲ್ಲ.

ಪೊಳ್ಳಾಚಿಯ ರೂಮು ನಮಗೆ ಬಿದ್ದ ಇನ್ನೊಂದು ಪೆಟ್ಟು. ಫೋನಲ್ಲಿ 900 ಅಂದವರು ಎದುರಿಗೆ ಹೋದಾಗ 1,700 ಅಂದರು. ಮದುವೆ ಸೀಸನ್ ಅಂತೆ. ಕತ್ತಲಾಗಿತ್ತು, ಅಪ್ಪನಿಗೆ ಸುಸ್ತಾಗಿತ್ತು, ಒಪ್ಪಿಕೊಂಡೆ. ಬಿಸಿನೀರು ಬೆಳಿಗ್ಗೆ 7ರ ಮೇಲೆ ಮಾತ್ರ. ಟಾಪ್‌ಸ್ಲಿಪ್‌ಗೆ ಹೋಗುವವರು ಅಷ್ಟು ಹೊತ್ತಿಗೆ ರಸ್ತೆಯಲ್ಲಿರಬೇಕು. ಹಾಸಿಗೆ ಹೊದಿಕೆ ಬದಲಿಸಿ ಅಂತ ಮೂರು ಸಲ ಕೇಳಬೇಕಾಯಿತು. ರಾತ್ರಿಯಿಡೀ ಕೆಳಗಿನ ಹಾಲ್‌ನಲ್ಲಿ ಮೈಕು. ಬಸ್‌ಸ್ಟ್ಯಾಂಡ್ ಪಕ್ಕದ ಸಾಲು ಬಿಟ್ಟು ಸ್ವಲ್ಪ ಒಳಗೆ ಹುಡುಕಿ, ರೂಮು ನೋಡಿದ ಮೇಲೇ ದುಡ್ಡು ಕೊಡಿ. ಆ ಲಾಡ್ಜಿನವರೇ ನಮಗೆ ಆ ಕಾರು ಗೊತ್ತು ಮಾಡಿ ಕೊಟ್ಟದ್ದು. ಕಾರು ಬೇಕೇ ಬೇಕು ಅನ್ನುವವರು, ಏನೇನು ತೋರಿಸಬೇಕು, ಎಷ್ಟು ಹೊತ್ತಿಗೆ ವಾಪಸ್ಸು, ಎರಡನ್ನೂ ಬರೆಸಿಕೊಂಡು ಅರ್ಧ ದುಡ್ಡು ಕೊನೆಗೆ ಕೊಡಿ. ನಾನು ಪೂರ್ತಿ ಮೊದಲೇ ಕೊಟ್ಟಿದ್ದೆ.

ಇನ್ನು ಒಳ್ಳೆಯದು ಹೇಳುತ್ತೇನೆ. ಮಾರನೇ ಬೆಳಿಗ್ಗೆ ಐದೂವರೆಗೆ ರೂಮು ಖಾಲಿ ಮಾಡಿ ಆನೆಮಲೈ ಊರಿಗೆ ಬಸ್ ಹತ್ತಿದೆವು. ಪೊಳ್ಳಾಚಿಯಿಂದ ಆನೆಮಲೈಗೆ ಬಸ್ಸಿಗೆ ಬರವಿಲ್ಲ. ಇಳಿದ ಕಡೆ, ಬೀದಿಯ ತಿರುವಿನಲ್ಲಿ ಒಂದು ಹೆಂಚಿನ ಮನೆ. ಮುಂದಿನ ಜಗಲಿಯೇ ಹೋಟೆಲು. ಬೋರ್ಡಿಲ್ಲ. ಎರಡು ಬೆಂಚು, ಒಂದು ಒಲೆ, ಒಂದು ಮರದ ಶಾವಿಗೆ ಒರಳು. ಅರುವತ್ತು ದಾಟಿದ ಗಂಡ ಹೆಂಡತಿ. ಆಯಮ್ಮ ಬೇಯಿಸಿದ ಅಕ್ಕಿಯುಂಡೆ ಒರಳಿಗೆ ಹಾಕುತ್ತಾರೆ, ಯಜಮಾನರು ಕಟ್ಟೆಗೆ ಕಾಲು ಕೊಟ್ಟು ಹಿಡಿ ತಿರುಗಿಸುತ್ತಾರೆ. ಅಡಿಯಿಂದ ಬಿಸಿಬಿಸಿ ಎಳೆ ಬಾಳೆಲೆ ಮೇಲೆ ಸುತ್ತಿಕೊಂಡು ಇಳಿಯುತ್ತೆ. ಅವರು ಅದನ್ನು ಸಂದಗೈ ಅಂತಾರೆ. ನಮ್ಮ ಒತ್ತುಶಾವಿಗೆಯೇ, ಅಲ್ವಾ? ಆದರೆ ಎಳೆ ಇನ್ನೂ ಸಣ್ಣ.

ಮೊದಲನೇ ಸಲ ತೆಂಗಿನಹಾಲು ಬೆಲ್ಲ ಏಲಕ್ಕಿ ಹಾಕಿ ಕೊಟ್ಟರು. ಪೊಳ್ಳಾಚಿ ತೆಂಗಿನಕಾಯಿಯ ಹಾಲು, ಗಟ್ಟಿ, ನೀರು ಬೆರೆತಿಲ್ಲ. ಎರಡನೇ ಸಲ ನಿಂಬೆಹುಳಿ ಒಗ್ಗರಣೆ ಹಾಕಿದ್ದು. ಮೂರನೆಯದು ಹುರುಳಿಕಾಳಿನ ಗೊಜ್ಜಿನ ಜೊತೆ. ಹುರುಳಿಯನ್ನು ಹುರಿದು, ಬೇಯಿಸಿ, ಕಲ್ಲಲ್ಲಿ ಅರೆದು, ಬೆಳ್ಳುಳ್ಳಿ ಜೀರಿಗೆ ಕುಟ್ಟಿ ಹಾಕಿದ್ದರು. ಅಪ್ಪ ಮೂರೂ ತಿಂದರು. ಮನೆಯಲ್ಲಿ ಒಂದೂವರೆ ಇಡ್ಲಿಗೆ ಸಾಕು ಅನ್ನುವ ಮನುಷ್ಯ. ನಾವು ನಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದದ್ದು ಕೇಳಿ ಆಯಮ್ಮ ತಟ್ಟನೆ ‘ಕನ್ನಡದೋರಾ?’ ಅಂದರು. ಅವರು ದೇವಾಂಗರು. ಹಿಂದಿನವರು ಎಷ್ಟೋ ತಲೆಮಾರಿನ ಕೆಳಗೆ ಮಗ್ಗ ಹೊತ್ತು ಈ ಕಡೆ ಬಂದವರು. ಕನ್ನಡ ಓದೋಕೆ ಬರಲ್ಲ, ಬರೆಯೋಕೆ ಬರಲ್ಲ, ಮನೆಯೊಳಗೆ ಮಾತಾಡುವುದು ಮಾತ್ರ ಕನ್ನಡ. ಅವರ ಕನ್ನಡದಲ್ಲಿ ಅರ್ಧ ತಮಿಳು ಬೆರೆತಿತ್ತು. ನಮ್ಮದರಲ್ಲೂ ಅಷ್ಟೇ ಇದೆ. ಇಬ್ಬರಿಗೆ ಹೊಟ್ಟೆ ಬಿರಿಯುವಷ್ಟು ತಿಂಡಿ, ಎರಡು ಕಾಫಿ, 130 ರೂಪಾಯಿ. ಹಿಂದಿನ ದಿನದ ಕಾರಿನ ಕಥೆ ಹೇಳಿದಾಗ ಆಯಮ್ಮನಿಗೆ ನಮಗಿಂತ ಜಾಸ್ತಿ ಸಿಟ್ಟು ಬಂತು. ‘ಮಾಸಾಣಿಯಮ್ಮನ ಗುಡಿಲಿ ಮೆಣಸಿನಕಾಯಿ ಅರೆದು ಹಚ್ಚಿ ಹೋಗಿ’ ಅಂದರು. ಆ ಊರಿನ ಮಾಸಾಣಿಯಮ್ಮನ ಗುಡಿಯಲ್ಲಿ ಅನ್ಯಾಯವಾದವರು ಕೆಂಪು ಮೆಣಸಿನಕಾಯಿ ಅರೆದು ನ್ಯಾಯದ ಕಲ್ಲಿಗೆ ಹಚ್ಚುತ್ತಾರೆ. ಅಪ್ಪ ಒಪ್ಪಲಿಲ್ಲ, ‘ಹೋಗಲಿ ಬಿಡಮ್ಮ’ ಅಂದರು. ಶುಕ್ರವಾರ, ಅಮಾವಾಸ್ಯೆ ದಿನ ಆ ಗುಡಿಗೆ ಜನವೋ ಜನ. ಆ ದಿನಗಳಲ್ಲಿ ಈ ದಾರಿಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರಲ್ಲ, ತಪ್ಪಿಸಿಕೊಳ್ಳಿ.

ಟಾಪ್‌ಸ್ಲಿಪ್ ಬಸ್ಸನ್ನು ಆನೆಮಲೈಯಲ್ಲಿ ಹತ್ತಿದರೆ ಸೀಟು ಸಿಗಲ್ಲ. ತಿಂಡಿಯ ಆಸೆಗೆ ನಾವು ಅದನ್ನು ಮಾಡಿದೆವು. ಸೀಟು ಬೇಕಾದವರು ಪೊಳ್ಳಾಚಿಯಲ್ಲೇ ಹತ್ತಿ. ದಿನಕ್ಕೆ ಬೆರಳೆಣಿಕೆಯ ಬಸ್ಸುಗಳಷ್ಟೇ. ಹಿಂದಿನ ಸಂಜೆಯೇ ಬಸ್‌ಸ್ಟ್ಯಾಂಡಲ್ಲಿ ಹೋಗುವ ಹೊತ್ತು, ಬರುವ ಹೊತ್ತು ಎರಡೂ ಕೇಳಿ ಬರೆದಿಟ್ಟುಕೊಳ್ಳಿ. ಕಾಡಿನ ಹಾಡಿಯವರು, ಶಾಲೆಯ ಮೇಷ್ಟರು, ರೇಷನ್ ಮೂಟೆ, ಕೋಳಿಮರಿ ಬುಟ್ಟಿ, ಎಲ್ಲ ಅದರಲ್ಲೇ. ಕಂಡಕ್ಟರ್ ಒಬ್ಬ ಹುಡುಗನನ್ನು ಎಬ್ಬಿಸಿ ಅಪ್ಪನಿಗೆ ಜಾಗ ಕೊಡಿಸಿದರು. ಸೇತುಮಡೈ ಚೆಕ್‌ಪೋಸ್ಟಲ್ಲಿ ಎಲ್ಲರ ಚೀಲದಲ್ಲೂ ಪ್ಲಾಸ್ಟಿಕ್ ಇದೆಯಾ ನೋಡಿದರು. ಬೈಕಲ್ಲಿ ಬಂದ ಇಬ್ಬರು ಹುಡುಗರನ್ನು ಮೇಲೆ ಬಿಡದೆ ವಾಪಸ್ ಕಳಿಸಿದರು. ಬೈಕಿನವರು ಗಮನಿಸಿ. ನೀರಿಗೆ ಸ್ಟೀಲ್ ಬಾಟಲಿ ತನ್ನಿ.

ಅಲ್ಲಿಂದ ಮೇಲೆ ತೇಗವೇ ತೇಗ. ಟಾಪ್‌ಸ್ಲಿಪ್ ಅನ್ನೋ ಹೆಸರೇ ಇಲ್ಲಿಂದ ಬಂದದ್ದು. ಬ್ರಿಟಿಷರ ಕಾಲದಲ್ಲಿ ಬೆಟ್ಟದ ನೆತ್ತಿಯಿಂದ ತೇಗದ ದಿಮ್ಮಿಗಳನ್ನು ಕೆಳಕ್ಕೆ ಜಾರಿಬಿಡುತ್ತಿದ್ದರು. ಆನೆ ಎಳೆದು ತಂದದ್ದನ್ನು ಜಾರಿಸುವುದು, ಕೆಳಗೆ ಗಾಡಿಗೆ ಹೇರುವುದು. ಹಡಗಿಗೆ ತೇಗ, ರೈಲು ಹಳಿಯ ಅಡಿಗೆ ತೇಗ. ನೂರು ವರ್ಷ ಹೀಗೆ ಕಡಿದ ಮೇಲೆ ಬೆಟ್ಟ ಬೋಳಾಗುತ್ತಾ ಬಂತು. ಆಗ, 1915ರ ಹೊತ್ತಿಗೆ, ದಕ್ಷಿಣ ಕೊಯಮತ್ತೂರಿನ ಅರಣ್ಯಾಧಿಕಾರಿಯಾಗಿದ್ದವರು ಹ್ಯೂಗೋ ವುಡ್. ಈ ಕಾಡು ಹೇಗೆ ಉಳಿಯಬೇಕು ಅಂತ ಒಂದು ಕಾರ್ಯಯೋಜನೆ ಬರೆದರು. ಅದರ ತಿರುಳು ನಮ್ಮ ಕಡೆ ರೈತರಿಗೆ ಒಂದೇ ಮಾತಲ್ಲಿ ಅರ್ಥ ಆಗುತ್ತೆ: ಕೂಳೆ. ಕಬ್ಬು ಕಡಿದ ಮೇಲೆ ಬುಡ ಕಿತ್ತು ಹಾಕದೆ ಬಿಟ್ಟರೆ ಮತ್ತೆ ಚಿಗುರಿ ಬೆಳೆಯುತ್ತಲ್ಲ, ಹಾಗೆ ತೇಗದ ಮರವನ್ನು ನೆಲಕ್ಕೆ ಹತ್ತಿರದಲ್ಲಿ ಒಪ್ಪವಾಗಿ ಕಡಿದು, ಬುಡವನ್ನು ಉಳಿಸಿ, ಚಿಗುರಲು ಬಿಡುವುದು. ಒಂದು ಜಾಗದಲ್ಲಿ ಕಡಿದರೆ 25 ವರ್ಷ ಆ ಕಡೆ ಕೊಡಲಿ ಹೋಗಬಾರದು. ಬಸ್ಸಲ್ಲಿ ಅಪ್ಪನಿಗೆ ಇದನ್ನು ಹೇಳಿದಾಗ ‘ಓ, ಕಾಡಿಗೇ ಕೂಳೆ ಬಿಡಿಸಿದ್ರಾ’ ಅಂದರು. ಆಮೇಲೆ ದಾರಿಯುದ್ದಕ್ಕೂ ಮರದ ಬುಡಗಳನ್ನೇ ನೋಡುತ್ತಾ ಕೂತರು. ಒಂದೇ ಬುಡದಿಂದ ಎರಡು ಮೂರು ಮರ ಎದ್ದದ್ದು ಕಂಡಾಗೆಲ್ಲ ನನ್ನ ಮೊಣಕೈ ತಿವಿಯೋರು.

ಟಾಪ್‌ಸ್ಲಿಪ್‌ನಲ್ಲಿ ಇಳಿದ ಕೂಡಲೇ ಸಫಾರಿ ಸಾಲಿಗೆ ನುಗ್ಗಬೇಡಿ. ಮೊದಲು ಅಲ್ಲಿರುವ ಕಾವಲು ಸಿಬ್ಬಂದಿಯನ್ನು ಕಂಡು, ಹ್ಯೂಗೋ ವುಡ್ ಸಮಾಧಿ ನೋಡಬೇಕು, ಯಾರನ್ನಾದರೂ ಜೊತೆಗೆ ಕಳಿಸಿ ಅಂತ ಕೇಳಿ. ಒಬ್ಬೊಬ್ಬರೇ ಹೋಗುವ ಹಾಗಿಲ್ಲ, ಹೋಗಲೂ ಬೇಡಿ. ಅದು 1976ರಿಂದ ಅಭಯಾರಣ್ಯ, 2007ರಿಂದ ಹುಲಿ ಮೀಸಲು. ನಾವು ಹೋದದ್ದು ಬುಧವಾರ. ಜನ ಕಡಿಮೆ. ಕೇಳಿದ್ದಕ್ಕೆ ಅವರ ಮುಖ ಅರಳಿತು. ಅರ್ಧ ಗಂಟೆ ಕಾಯಿಸಿ, ಮಲಸರ್ ಜನಾಂಗದ ಒಬ್ಬ ಹಿರಿಯ ಕಾವಲುಗಾರರನ್ನು ಜೊತೆ ಮಾಡಿದರು. ಭಾನುವಾರ ಇಷ್ಟು ಪುರುಸೊತ್ತು ಯಾರಿಗೂ ಇರಲ್ಲ. ನನಗೆ ಜನಜಂಗುಳಿ ಆಗಿಬರಲ್ಲ, ಹಾಗಾಗಿ ಶನಿವಾರ ಭಾನುವಾರ ಹೋಗಿ ಅಂತ ನಾನು ಯಾರಿಗೂ ಹೇಳಲಾರೆ. ಆಗ ಕೋತಿಗಳ ಸಾಲಿಗಿಂತ ಜನರ ಸಾಲೇ ಉದ್ದ ಇರುತ್ತೆ ಅಂತ ಆ ಹಿರಿಯರೇ ಹೇಳಿದರು.

ಮೌಂಟ್ ಸ್ಟುವರ್ಟ್ ಅನ್ನೋ ಜಾಗ. ಅಪ್ಪನ ನಡಿಗೆಯಲ್ಲೂ ಅರ್ಧ ಗಂಟೆಯೊಳಗೆ ತಲುಪಿದೆವು. ಏರು ಇದೆ, ಕಷ್ಟದ್ದಲ್ಲ. ಮಳೆ ನಿಂತು ಸ್ವಲ್ಪ ದಿನವಾಗಿತ್ತು, ಜಿಗಣೆ ಕಡಿಮೆ. ಜೂನ್‌ನಿಂದ ಅಕ್ಟೋಬರ್ ತನಕ ಹೋದರೆ ಉಪ್ಪು ಕಟ್ಟಿಕೊಂಡು ಹೋಗಿ. ಫೆಬ್ರವರಿ ಕಳೆದರೆ ತೇಗ ಎಲೆ ಉದುರಿಸಿ ಒಣಗಿ ನಿಂತಿರುತ್ತೆ, ಕಾಡ್ಗಿಚ್ಚಿನ ಭಯಕ್ಕೆ ಒಳಗೆ ಬಿಡದೇ ಇರಬಹುದು. ಡಿಸೆಂಬರ್, ಜನವರಿ ಸರಿಯಾದ ಕಾಲ.

ಸಮಾಧಿ ದೊಡ್ಡದಲ್ಲ. ಗೋಪುರವಿಲ್ಲ, ಪ್ರತಿಮೆಯಿಲ್ಲ. ಸುತ್ತ ತೇಗದ ಮರಗಳು, ನಡುವೆ ಅದು. ಕಲ್ಲಿನ ಮೇಲೆ ಮೊರದಷ್ಟು ಅಗಲದ ತೇಗದ ಎಲೆ ಬಿದ್ದಿತ್ತು. ಮೇಲೆ ಲ್ಯಾಟಿನ್ ಭಾಷೆಯ ಒಂದು ಸಾಲು. ಅರ್ಥ ಇಷ್ಟು: ‘ನನ್ನ ಸ್ಮಾರಕ ಬೇಕಾದರೆ ಸುತ್ತಲೂ ನೋಡು.’ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿದ ಕ್ರಿಸ್ಟೋಫರ್ ರೆನ್ ಅನ್ನುವ ವಾಸ್ತುಶಿಲ್ಪಿ 1723ರಲ್ಲಿ ತೀರಿಕೊಂಡಾಗ ಅವರ ಸಮಾಧಿಗೆ ಬರೆದ ಸಾಲು ಇದು. ಅಲ್ಲಿ ಸುತ್ತ ನೋಡಿದರೆ ಅವರು ಕಟ್ಟಿದ ಗುಮ್ಮಟ. ಇಲ್ಲಿ ಸುತ್ತ ನೋಡಿದರೆ ಕಾಡು. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವರು ನಿಂತಲ್ಲೇ ಒಂದು ಸುತ್ತು ತಿರುಗಿ ನೋಡಿದರು. ನಿಧಾನವಾಗಿ, ಪೂರ್ತಿ ಒಂದು ಸುತ್ತು. ಆಮೇಲೆ ಚಪ್ಪಲಿ ಬಿಟ್ಟು ಕೈಮುಗಿದರು.

ವುಡ್ 1926ರವರೆಗೆ ಅರಣ್ಯ ಸೇವೆಯಲ್ಲಿದ್ದರು. 1933ರ ಡಿಸೆಂಬರ್ 12ರಂದು ಕೂನೂರಿನಲ್ಲಿ ತೀರಿಕೊಂಡರು. ತಾವು ಬೆಳೆಸಿದ ಮರಗಳ ನಡುವೆಯೇ ಹೂಳಬೇಕು ಅನ್ನುವುದು ಅವರ ಆಸೆಯಾಗಿತ್ತು. ನಾವು ಹೋದದ್ದು ಅವರು ಹೋಗಿ 90 ವರ್ಷ ತುಂಬಲು ಒಂದು ವಾರ ಮೊದಲು. ಬೇಕೆಂದೇ ನೋಡಿ ಹೋದದ್ದಲ್ಲ, ಹಾಗೆ ಕೂಡಿಬಂತು.

ಅಲ್ಲೇ ಕೆಳಗೆ ತೇಗದ ಕಾಯಿ ಉದುರಿದ್ದವು. ಒಂದನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡೆ. ಮೇಲೆ ಕಾಗದದಂಥ ತೆಳು ಬುಡ್ಡೆ, ಒತ್ತಿದರೆ ಪುಸ್ಸೆಂದು ಚಪ್ಪಟೆಯಾಗುತ್ತೆ. ಒಳಗೆ ಗೋಲಿಯಷ್ಟು ಕಾಯಿ, ಕಂದು ಬಣ್ಣ, ಕಂಬಳಿಯ ಹಾಗೆ ಜುಂಗು. ಉಗುರಲ್ಲಿ ಜುಂಗು ಕೆರೆದರೆ ಕಲ್ಲಿನಂಥ ಓಟೆ. ಇದರೊಳಗೆ ಒಂದರಿಂದ ನಾಲ್ಕು ಬೀಜ ಇರುತ್ತಾವೆ. ಓಟೆ ಇಷ್ಟು ಗಟ್ಟಿ ಇರುವುದರಿಂದ ಸುಮ್ನೆ ಹಾಕಿದರೆ ಬೇಗ ಹುಟ್ಟಲ್ಲ. ನರ್ಸರಿಯವರು ನೆನೆಸಿ, ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿ ಹಾಕುತ್ತಾರೆ. ಅಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬೆರಳಲ್ಲಿ ಉರುಳಿಸುತ್ತಾ, ‘ಇದನ್ನ ಜೇಬಲ್ಲಿ ಹಾಕ್ಕೊಂಡಿದ್ರೆ ತೊಡೆ ಎಷ್ಟು ತುರಿಸಬೇಕು’ ಅಂದರು. ಐವತ್ತು ವರ್ಷ ಕಥೆಯಾಗಿದ್ದ ಆ ದೊರೆ ಅವರಿಗೆ ಆ ಗಳಿಗೆಯಲ್ಲಿ ನಿಜವಾದ ಮನುಷ್ಯನಾದ ಅಂತ ನನಗೆ ಅನಿಸಿತು. ಕಾಯಿ ಇದ್ದಲ್ಲೇ ಇಟ್ಟು ಬಂದೆವು. ಹುಲಿ ಮೀಸಲಿನಿಂದ ಏನನ್ನೂ ತರುವ ಹಾಗಿಲ್ಲ.

ಜೊತೆಗೆ ಬಂದ ಹಿರಿಯರ ಹತ್ತಿರ ಒಂದು ಮಾತು ಕೇಳಿದೆ. ಇಷ್ಟೂ ಕಾಡನ್ನು ಒಬ್ಬರೇ ನೆಟ್ಟರಾ? ಅವರು ನಕ್ಕು ತಲೆ ಅಲ್ಲಾಡಿಸಿದರು. ಅವರ ಅಜ್ಜ, ಅಜ್ಜನ ಅಣ್ಣತಮ್ಮಂದಿರು ಎಲ್ಲ ಆ ಕೆಲಸಕ್ಕೆ ಹೋದವರೇ. ಕಾಡರ್, ಮಲಸರ್ ಜನ ಬುಡ ಕಡಿದು ಒಪ್ಪ ಮಾಡಿದರು, ಬೀಜ ಹಾಕಿದರು, ಬೆಂಕಿ ಆರಿಸಿದರು. ಅವರ ಹೆಸರಿನ ಕಲ್ಲು ಯಾವುದೂ ಇಲ್ಲ. ಸುತ್ತ ನೋಡು ಅಂತ ಬರೆದಿದ್ದು ಅವರಿಗೂ ಸೇರುತ್ತೆ ಅಂತ ನಾನು ತಿಳಿದಿದ್ದೇನೆ. ಅಲ್ಲಿಗೆ ಹೋಗುವವರು ಜೊತೆಗೆ ಬರುವವರನ್ನು ಮಾತಾಡಿಸಿ. ತಮಿಳು ಬರದಿದ್ದರೂ ನಿಧಾನವಾಗಿ ಕನ್ನಡದಲ್ಲಿ ಕೇಳಿದರೆ ಅರ್ಧ ತಿಳಿಯುತ್ತೆ.

ಇನ್ನೊಂದು ವಿಷಯ ಮುಚ್ಚಿಡಬಾರದು. ಬರೀ ತೇಗ ಇದ್ದ ಕಡೆ ನೆಲ ಖಾಲಿ ಖಾಲಿ. ಹಕ್ಕಿಯ ಸದ್ದೂ ಕಡಿಮೆ. ಅಲ್ಲೇ ಹತ್ತಿರದ ಕರಿಯನ್ ಶೋಲಾ ಅಂಚಿಗೆ ಅವರು ಕರೆದುಕೊಂಡು ಹೋದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ಅದು ಯಾರೂ ನೆಡದ ಕಾಡು. ಬಿಸಿಲು ನೆಲಕ್ಕೆ ಬೀಳಲ್ಲ, ಬಳ್ಳಿ, ಪಾಚಿ, ಜೀರುಂಡೆ, ಎಲ್ಲೋ ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು. ಎರಡನ್ನೂ ಒಂದೇ ದಿನ ನೋಡಬೇಕು. ತೇಗದ ಕಾಡನ್ನು ಮಾತ್ರ ನೋಡಿ ಬಂದರೆ ನೆಟ್ಟದ್ದೇ ಕಾಡು ಅಂದುಕೊಂಡುಬಿಡುತ್ತೇವೆ. ಆದರೆ ಆ ಕಾಲದಲ್ಲಿ ಕೊಡಲಿಗೆ 25 ವರ್ಷ ರಜೆ ಕೊಡಿಸದೇ ಇದ್ದಿದ್ದರೆ ಶೋಲಾದ ಅಂಚೂ ಉಳಿಯುತ್ತಿತ್ತಾ ಅನ್ನೋದು ಅಪ್ಪನ ಪ್ರಶ್ನೆ. ಕೂಪಲ್ಲಿ ದುಡಿದವರ ಪ್ರಶ್ನೆ ಅದು. ನಾನು ಒಪ್ಪುತ್ತೇನೆ.

ಮಧ್ಯಾಹ್ನದ ಮೇಲೆ ಇಲಾಖೆಯ ಗಾಡಿಯಲ್ಲಿ ಕೋಳಿಕಮುತ್ತಿ ಆನೆ ಶಿಬಿರಕ್ಕೆ ಹೋದೆವು. ಇದಕ್ಕೆ ಟಿಕೆಟ್ಟು, ಹೊತ್ತು ಎಲ್ಲ ಅಲ್ಲೇ ಹಾಕಿರುತ್ತಾರೆ. ನಾನು ಹೇಳಬೇಕಾದ್ದು ಕಲೀಂ ಬಗ್ಗೆ. ಕಲೀಂ ಅಂದರೆ ತಮಿಳುನಾಡಿನ ದೊಡ್ಡ ಹೆಸರಿನ ಕುಮ್ಕಿ, ಅಂದರೆ ಕಾಡಾನೆಗಳನ್ನು ಹಿಡಿಯಲು, ಓಡಿಸಲು ಪಳಗಿಸಿದ ಆನೆ. 99 ಕಾರ್ಯಾಚರಣೆಗೆ ಹೋದವನು. 2023ರ ಮಾರ್ಚ್ 7ರಂದು ನಿವೃತ್ತನಾದಾಗ ಅರಣ್ಯ ಸಿಬ್ಬಂದಿ ಸಾಲಾಗಿ ನಿಂತು ಗೌರವ ವಂದನೆ ಕೊಟ್ಟರು. ಅವನನ್ನು ಹಿಡಿದದ್ದು 1972ರಲ್ಲಿ, ನಮ್ಮ ಸತ್ಯಮಂಗಲದ ಕಾಡಲ್ಲಿ. ಆಗ ಮರಿ. ಅಪ್ಪನಿಗೆ ಆಗ 20, ಅದೇ ಕಾಡಲ್ಲಿ ಬಿದಿರು ಕಡಿಯುತ್ತಿದ್ದರು. ಇದನ್ನು ಶಿಬಿರದವರು ಹೇಳಿದಾಗ ಅಪ್ಪ ತುಂಬಾ ಹೊತ್ತು ಬೇಲಿಯ ಈಚೆ ನಿಂತು ಅವನನ್ನೇ ನೋಡಿದರು. ಮಾವುತ ರಾಗಿ ಹುರುಳಿ ಬೇಯಿಸಿದ ಉಂಡೆಯನ್ನು ಬಾಯಿಗೆ ಇಡುತ್ತಿದ್ದ. ‘ನಮ್ಮೂರ ಕಡೆಯವನು, ರಾಗಿ ತಿಂತಾನೆ’ ಅಂದರು ಅಪ್ಪ. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಶಿಬಿರ ಬಿಡಬೇಡಿ. ಹತ್ತಿರ ಹೋಗಿ ಸೆಲ್ಫಿ ಅಂತ ಹಟ ಮಾಡಬೇಡಿ.

ಇನ್ನೂ ಒಂದು ದಿನ ಇದ್ದರೆ ಪರಂಬಿಕುಳಂ. ಈ ಸಲ ಹೋಗಲಿಲ್ಲ, ಹಿಂದೆ ಗೆಳೆಯರ ಜೊತೆ ಹೋಗಿದ್ದೆ. ಜಾಗ ಕೇರಳದ ಪಾಲಕ್ಕಾಡು ಜಿಲ್ಲೆಯದು, ರಸ್ತೆ ಮಾತ್ರ ತಮಿಳುನಾಡಿನ ಟಾಪ್‌ಸ್ಲಿಪ್ ಮೇಲೇ. ಅದಕ್ಕೆ ಬೇರೆ ಟಿಕೆಟ್ಟು, ಬೇರೆ ಗಾಡಿ. ಅಲ್ಲಿ ಕನ್ನಿಮಾರ ಅನ್ನುವ ತೇಗದ ಮರ ಇದೆ, 450 ವರ್ಷಕ್ಕೂ ಹಳೆಯದು ಅಂತಾರೆ. ಸುತ್ತಳತೆ ಆರು ಮೀಟರಿಗೂ ಜಾಸ್ತಿ, ಐದು ಜನ ಕೈ ಹಿಡಿದು ನಿಂತರೆ ಸುತ್ತು ಮುಗಿಯುತ್ತೆ. 1994-95ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಮಹಾವೃಕ್ಷ ಪುರಸ್ಕಾರ ಕೊಟ್ಟಿತು. ಮರಕ್ಕೇ ಪ್ರಶಸ್ತಿ! ಅದನ್ನು ಕಡಿಯಲು ಹೋದಾಗ ರಕ್ತ ಚಿಮ್ಮಿತು, ಅವತ್ತಿನಿಂದ ಪೂಜೆ ಅಂತ ಕಾಡಿನವರು ಹೇಳುತ್ತಾರೆ. ತೇಗದ ಎಳೆ ಎಲೆಯನ್ನು ಅಂಗೈಯಲ್ಲಿ ಉಜ್ಜಿದವರಿಗೆ ಈ ಮಾತು ಎಲ್ಲಿಂದ ಹುಟ್ಟಿತು ಅಂತ ಗೊತ್ತಾಗುತ್ತೆ. ಕೈಯೆಲ್ಲ ರಕ್ತದ ಹಾಗೆ ಕೆಂಪಾಗುತ್ತೆ. ನಮ್ಮ ಹೊಲದ ಬದುವಿನ ತೇಗದಲ್ಲಿ ನಾವು ಚಿಕ್ಕಂದಿನಲ್ಲಿ ಹೀಗೇ ಆಟ ಆಡುತ್ತಿದ್ದೆವು.

ಕೊಯಮತ್ತೂರಿನಲ್ಲಿ ಉಳಿದ ಒಂದು ದಿನ ನೆಂಟರ ಮನೆಯಲ್ಲೇ ಆಯಿತು. ಅರ್ಧ ದಿನ ಸಿಗುವವರು ಅರಣ್ಯ ಕಾಲೇಜಿನ ಆವರಣದ ಗಾಸ್ ಮ್ಯೂಸಿಯಂ ತೆರೆದಿದೆಯಾ ಕೇಳಿಕೊಂಡು ಹೋಗಿ. 1902ರಲ್ಲಿ ಶುರುವಾದದ್ದು, ಅದೂ ಒಬ್ಬ ಅರಣ್ಯಾಧಿಕಾರಿಯ ಹೆಸರಿನದೇ. ಆನೈಕಟ್ಟಿಯಲ್ಲಿ ಸಲೀಂ ಅಲಿ ಹೆಸರಿನ ಪಕ್ಷಿ ಸಂಶೋಧನಾ ಕೇಂದ್ರ ಇದೆ, 1990ರದ್ದು. ಅದು ಓದುವವರ ಜಾಗ, ಪಿಕ್ನಿಕ್ಕಿನದ್ದಲ್ಲ. ಮೊದಲೇ ಪತ್ರ ಬರೆದು ಕೇಳಿ.

ವಯಸ್ಸಾದವರ ಜೊತೆ ಹೋಗುವವರಿಗೆ: ಟಾಪ್‌ಸ್ಲಿಪ್‌ನಲ್ಲಿ ಮಧ್ಯಾಹ್ನದ ಊಟಕ್ಕೆ ನೆಚ್ಚಿಕೊಳ್ಳಬೇಡಿ, ಬುತ್ತಿ ಕಟ್ಟಿಕೊಂಡು ಹೋಗಿ. ತಿನ್ನುವಾಗ ಗೋಡೆಗೆ ಬೆನ್ನು ಕೊಟ್ಟು ಕೂರಿ. ಕೋತಿ ಹಿಂದಿನಿಂದ ಬರುತ್ತೆ, ಕಾಡುಹಂದಿ ಮುಂದಿನಿಂದ. ಫೋನು ಸಿಗ್ನಲ್ ನಂಬಬೇಡಿ. ಸಂಜೆಯ ಕೊನೇ ಬಸ್ಸು ತಪ್ಪಿದರೆ ಇಳಿಯಲು ಬೇರೆ ದಾರಿಯಿಲ್ಲ, ಅರ್ಧ ಗಂಟೆ ಮೊದಲೇ ಬಂದು ನಿಲ್ಲಿ.

ಆನೆಮಲೈಯ ಆ ಜಗಲಿ ಹೋಟೆಲಿಗೆ ಹೋಗುವವರು ಒಂಬತ್ತರೊಳಗೆ ಹೋಗಿ. ವಾಪಸ್ ಬರುವಾಗ ಅಪ್ಪ ಇನ್ನೊಂದು ಸಲ ತಿನ್ನೋಣ ಅಂತ ಅಲ್ಲೇ ಇಳಿದರು. ಒರಳನ್ನು ತೊಳೆದು ಬೋರಲು ಹಾಕಿದ್ದರು. ಆಯಮ್ಮ ನಮ್ಮನ್ನು ಗುರುತು ಹಿಡಿದು, ‘ಸಮಾಧಿ ಸಿಕ್ತಾ?’ ಅಂದರು. ಸಿಕ್ತು ಅಂದೆ. ಒಳಗಿನಿಂದ ಎರಡು ಲೋಟ ಮಜ್ಜಿಗೆ ತಂದುಕೊಟ್ಟು, ದುಡ್ಡು ಬೇಡ ಅಂದರು.